ಹಾಯಿ ಬಿಚ್ಚೋ ಮೊದಲೇ ಲಂಗರಿನ ಲೆಕ್ಕ

ಹಾಯಿದೋಣಿಯಲ್ಲಿ ತೀರದುದ್ದಕ್ಕೂ ಸುತ್ತುತ್ತೇವೆ ಅಂದ ಕೂಡಲೇ ಜನ ಕೇಳುವುದು ಬಿರುಗಾಳಿ ಬಗ್ಗೆ, ಅಲೆ ಬಗ್ಗೆ, ವಾಂತಿ ಬಗ್ಗೆ. ರಾತ್ರಿ ಎಲ್ಲಿ ನಿಲ್ಲುತ್ತೀರಿ ಅಂತ ಕೇಳುವವರು ಅಪರೂಪ. ನನಗೋ, ಇಡೀ ಪ್ರಯಾಣದಲ್ಲಿ ತಲೆ ಜಾಸ್ತಿ ಓಡುವುದೇ ಅದರ ಮೇಲೆ. ಹಾಯಿ ಸರಿಯಾಗಿ ಕಟ್ಟದಿದ್ದರೆ ದೋಣಿ ನಿಧಾನ ಆಗುತ್ತದೆ, ಅಷ್ಟೇ. ನಿಲ್ಲುವ ಜಾಗ ಸರಿಯಿಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ದೋಣಿ ಬಂಡೆ ಮೇಲಿರುತ್ತದೆ.

ನಮ್ಮದು 32 ಅಡಿಯ ದೋಣಿ. ನಾನು, ನನ್ನ ತಮ್ಮ ಸೇರಿ ಇಟ್ಟುಕೊಂಡಿರುವುದು. ಗಂಟೆಗೆ 5 ನಾಟಿಕಲ್ ಮೈಲು, ಅಂದರೆ ಸುಮಾರು 9 ಕಿಲೋಮೀಟರ್ ಓಡಿದರೆ ಅದೇ ಖುಷಿ. ಹಗಲು ಆರೇಳು ಗಂಟೆ ಹೋದರೆ 30, 35 ಮೈಲು. ಅಷ್ಟು ದೂರದೊಳಗೆ ಸಂಜೆ ತಲುಪಬಹುದಾದ ಜಾಗ ನಕಾಶೆಯಲ್ಲಿ ಮೂರೋ ನಾಲ್ಕೋ ಸಿಗುತ್ತವೆ. ಅದರಲ್ಲಿ ಒಂದನ್ನು ಬೆಳಗ್ಗೆ ಹಾಯಿ ಬಿಚ್ಚುವ ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ. ಅದು ಆಗದಿದ್ದರೆ ಹೋಗೋಕೆ ಇನ್ನೊಂದು. ಎರಡೂ ಆಗದಿದ್ದರೆ ರಾತ್ರಿಯೆಲ್ಲ ದೂರದ ಕಡಲಲ್ಲೇ ಇರೋಣ ಅನ್ನುವ ತಯಾರಿ. ತಮ್ಮ ಇದಕ್ಕೆ ‘ಅಕ್ಕನ ಪಂಚಾಂಗ’ ಅಂತ ಹೆಸರಿಟ್ಟಿದ್ದಾನೆ. ಇಟ್ಟುಕೊಳ್ಳಲಿ.

ನಾನು ಮೊದಲು ನೋಡುವುದು ನಾಳೆ ಬೆಳಗಿನವರೆಗೆ ಗಾಳಿ ಯಾವ ಕಡೆಯಿಂದ ಅನ್ನುವುದನ್ನು. ಕೊಲ್ಲಿ ಎಷ್ಟು ಚೆಂದ, ನೀರು ಎಷ್ಟು ತಿಳಿ, ಇದೆಲ್ಲ ಆಮೇಲಿನ ಮಾತು. ಪಡುವಣಕ್ಕೆ ಗುಡ್ಡ ಇದ್ದು ಮೂಡಣಕ್ಕೆ ಬಾಯಿ ತೆರೆದ ಕೊಲ್ಲಿ ಪಡುಗಾಳಿಗೆ ಒಳ್ಳೆಯ ಮರೆ. ರಾತ್ರಿ ಗಾಳಿ ತಿರುಗಿ ಮೂಡಣದಿಂದ ಬೀಸಿತೋ, ಅದೇ ಕೊಲ್ಲಿ ಬೋನು. ಗಾಳಿ ನಿಮ್ಮನ್ನು ದಡಕ್ಕೆ ತಳ್ಳುತ್ತಿರುತ್ತದೆ, ಹೊರಗೆ ಹೋಗುವ ದಾರಿಯಿಂದಲೇ ಅಲೆ ಒಳಗೆ ಬರುತ್ತಿರುತ್ತದೆ. ನಕಾಶೆಯಲ್ಲಿ ಕೆಲವು ಕಡೆ ಪುಟ್ಟ ಲಂಗರಿನ ಗುರುತು ಹಾಕಿರುತ್ತಾರೆ. ಅದನ್ನು ನೋಡಿ ‘ಇಲ್ಲಿ ಸೇಫ್’ ಅಂದುಕೊಳ್ಳುವವರು ಬಹಳ. ಇವತ್ತಿನ ಗಾಳಿ ಏನು ಅಂತ ಆ ಗುರುತಿಗೆ ಗೊತ್ತಿಲ್ಲ ಅಲ್ವಾ?

ಬೆರ್ನಾರ್ ಮ್ವಾತೆಸ್ಸಿಯೆ ಅಂತ ಒಬ್ಬ ಫ್ರೆಂಚ್ ನಾವಿಕ ಇದ್ದ. 1968ರಲ್ಲಿ ಎಲ್ಲೂ ನಿಲ್ಲದೆ ಒಬ್ಬನೇ ಜಗತ್ತು ಸುತ್ತುವ ಪಂದ್ಯಕ್ಕೆ ಹೊರಟು, ಗೆಲ್ಲುವ ಅವಕಾಶ ಇದ್ದಾಗಲೇ ಅದನ್ನು ಬಿಟ್ಟು ತಾಹಿತಿಯವರೆಗೆ ಹೋದವನು. ದಕ್ಷಿಣದ ಸಮುದ್ರಗಳ ಬಿರುಗಾಳಿಗಳನ್ನೆಲ್ಲ ದಾಟಿದ ಅವನ ಉಕ್ಕಿನ ದೋಣಿ ‘ಜೋಶುವಾ’ ದಡ ಸೇರಿ ಹಾಳಾದದ್ದು ಎಲ್ಲಿ ಗೊತ್ತಾ? ಮೆಕ್ಸಿಕೋದ ಕಾಬೊ ಸಾನ್ ಲೂಕಾಸ್ ಕೊಲ್ಲಿಯಲ್ಲಿ, ಲಂಗರು ಹಾಕಿ ನಿಂತಿದ್ದಾಗ. 1982ರ ಡಿಸೆಂಬರ್. ಪೆಸಿಫಿಕ್ ಕಡೆಯ ಗಾಳಿಗೆ ಅಲ್ಲಿ ಒಳ್ಳೆ ಮರೆ. ಆ ರಾತ್ರಿ ಗಾಳಿ ಕೊಲ್ಲಿ ಬಾಯಿ ತೆರೆದಿದ್ದ ಕಡೆಯಿಂದಲೇ ಬಂತು. ದೋಣಿಗಳು ದಡದ ಹತ್ತಿರ ಒತ್ತೊತ್ತಾಗಿ ನಿಂತಿದ್ದವು. ಒಂದರ ಲಂಗರು ಜಾರಿದರೆ ಪಕ್ಕದ್ದಕ್ಕೆ ಬಡಿಯುತ್ತಿತ್ತು. ಇಪ್ಪತ್ತಕ್ಕಿಂತ ಜಾಸ್ತಿ ದೋಣಿಗಳು ಮರಳಿಗೆ ಬಿದ್ದವು, ಜೋಶುವಾ ಅದರಲ್ಲೊಂದು. ಆಮೇಲೆ ಬೇರೆಯವರು ಅದನ್ನು ಎತ್ತಿ ಸರಿಮಾಡಿದರು. ಈಗ ಫ್ರಾನ್ಸಿನ ಲಾ ರೊಶೆಲ್ ನೌಕಾ ಮ್ಯೂಸಿಯಂನಲ್ಲಿದೆ. ಅಂಥವನಿಗೇ ಹಾಗಾಯಿತು ಅಂದಮೇಲೆ ನಾನು ಪಂಚಾಂಗ ನೋಡುವುದರಲ್ಲಿ ಏನು ಆಶ್ಚರ್ಯ?

ಗಾಳಿ ಆದಮೇಲೆ ದೂರದ ಅಲೆ. ಇದನ್ನು ಹೊಸಬರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಇಲ್ಲಿ ಗಾಳಿಯೇ ಇಲ್ಲದಿದ್ದರೂ ಎಲ್ಲೋ ದೂರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಬಂದಿರುತ್ತದೆ. ಹತ್ತು ಸೆಕೆಂಡಿಗೆ ಒಂದರಂತೆ ಬರುವ ಅಲೆಗೆ ಆಳದ ಕಡಲಲ್ಲಿ ಒಂದು ನೆತ್ತಿಯಿಂದ ಮುಂದಿನ ನೆತ್ತಿಗೆ ಸುಮಾರು 156 ಮೀಟರ್ ಉದ್ದ ಇರುತ್ತದೆ. ನೀರಿನ ಆಳ ಅದರ ಅರ್ಧಕ್ಕಿಂತ ಕಡಿಮೆ ಆದ ಕೂಡಲೇ, ಅಂದರೆ ಸುಮಾರು 78 ಮೀಟರಿನಿಂದಲೇ, ಅದಕ್ಕೆ ತಳ ತಾಗಲು ಶುರು. ತಳ ತಾಗಿದ ಕಡೆ ಅಲೆ ನಿಧಾನ ಆಗುತ್ತದೆ, ಆಳ ಇರುವ ಕಡೆ ಜೋರಾಗಿಯೇ ಹೋಗುತ್ತದೆ. ಹಾಗಾಗಿ ಸಾಲು ಬಾಗುತ್ತದೆ. ಭೂಶಿರದ ಹಿಂದೆ ಬಚ್ಚಿಟ್ಟುಕೊಂಡಿದ್ದೇವೆ ಅಂದುಕೊಂಡಿರುತ್ತೇವೆ, ಅಲೆ ಸುತ್ತು ಹಾಕಿ ಒಳಗೇ ಬಂದಿರುತ್ತದೆ.

ದೋಣಿ ಗಾಳಿಗೆ ಮುಖ ಮಾಡಿ ನಿಂತಿರುತ್ತದೆ, ಅಲೆ ಪಕ್ಕೆಗೆ ಹೊಡೆಯುತ್ತದೆ. ರಾತ್ರಿಯೆಲ್ಲ ಹೊರಳಾಟ. ಕಪಾಟಿನೊಳಗೆ ಒಂದು ಚಮಚ ಟಣ್, ಟಣ್ ಅನ್ನುತ್ತದೆ. ಎದ್ದು ಅದಕ್ಕೆ ಬಟ್ಟೆ ಸುತ್ತಿ ಬಂದು ಮಲಗಿದರೆ ಇನ್ನೊಂದು ಡಬ್ಬಿ ಶುರು ಮಾಡುತ್ತದೆ. ಅಪಾಯ ಏನಿಲ್ಲ, ನಿದ್ದೆ ಮಾತ್ರ ಇಲ್ಲ. ಆದರೆ ನಿದ್ದೆಗೆಟ್ಟವರು ಮರುದಿನ ಚುಕ್ಕಾಣಿ ಹಿಡಿಯುವುದು ಅಪಾಯವೇ. ಇದಕ್ಕೆ ನಾವು ಮಾಡುವ ಉಪಾಯ ಹೀಗೆ: ಹಿಂಬದಿಯಿಂದ ಒಂದು ಉದ್ದದ ಹಗ್ಗ ತಂದು ಲಂಗರಿನ ಸರಪಳಿಗೆ ಕಟ್ಟುತ್ತೇವೆ. ಆಮೇಲೆ ಸರಪಳಿಯನ್ನು ಸ್ವಲ್ಪ ಸಡಿಲ ಬಿಟ್ಟು, ಆ ಹಗ್ಗವನ್ನು ಎಳೆದು ದೋಣಿಯ ಮೂತಿಯನ್ನು ಅಲೆಯ ಕಡೆಗೆ ತಿರುಗಿಸುತ್ತೇವೆ. ಗಾಳಿ ಪಕ್ಕದಿಂದ ಬಂದರೂ ಪರವಾಗಿಲ್ಲ, ಹೊರಳಾಟ ನಿಲ್ಲುತ್ತದೆ. ಗಾಳಿ ಮೆಲ್ಲಗಿದ್ದಾಗ ಮಾತ್ರ ಇದು ನಡೆಯುತ್ತದೆ.

ಇನ್ನು ತಳ. ನಕಾಶೆಯಲ್ಲಿ ಅಲ್ಲಲ್ಲಿ ಅಕ್ಷರ ಇರುತ್ತದೆ. ಎಸ್ ಅಂದರೆ ಮರಳು, ಎಂ ಅಂದರೆ ಕೆಸರು, ಆರ್ ಅಂದರೆ ಬಂಡೆ. ಗಟ್ಟಿ ಮರಳು ಒಳ್ಳೆಯದು, ಅಂಟು ಜೇಡಿ ಇನ್ನೂ ಒಳ್ಳೆಯದು. ತೆಳು ಕೆಸರಿನಲ್ಲಿ ಲಂಗರು ಉಳುತ್ತಾ ಬರುತ್ತದೆ. ಬಂಡೆ ಸಂದಿಗೆ ಸಿಕ್ಕಿಕೊಂಡರೆ ಗಟ್ಟಿ ಹಿಡಿದ ಹಾಗೆ ಕಾಣುತ್ತದೆ. ಗಾಳಿ ತಿರುಗಿದರೆ ಒಂದೋ ಕಳಚಿಕೊಳ್ಳುತ್ತದೆ, ಇಲ್ಲವೇ ಯಾವತ್ತಿಗೂ ಬರುವುದೇ ಇಲ್ಲ. ಕಡಲಹುಲ್ಲಿನ ಮೇಲೆ ಹಾಕಿದರೆ ಲಂಗರಿನ ಮೂತಿ ಹುಲ್ಲಿನ ಮೇಲೇ ಜಾರುತ್ತದೆ, ತಳ ಮುಟ್ಟುವುದೇ ಇಲ್ಲ. ಹುಲ್ಲಿಗೂ ಹಾಳು. ಮೆಡಿಟರೇನಿಯನ್‌ನ ಪೊಸಿಡೋನಿಯಾ ಹುಲ್ಲು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುತ್ತದೆ. ಒಂದು ಲಂಗರು ಕಿತ್ತ ಗಾಯ ತುಂಬಲು ಎಷ್ಟೋ ವರ್ಷ ಬೇಕು. ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ 2018ರಲ್ಲಿ ಅದರ ಮೇಲೆ ಲಂಗರು ಹಾಕುವುದನ್ನೇ ನಿಷೇಧ ಮಾಡಿದರು. ಸರಿಯಾದದ್ದೇ.

ಆದ್ದರಿಂದ ಹೊಸ ಜಾಗಕ್ಕೆ ಬಿಸಿಲಿರುವಾಗಲೇ ಹೋಗಬೇಕು. ಸೂರ್ಯ ಮೇಲಿದ್ದು ನಮ್ಮ ಬೆನ್ನ ಹಿಂದಿದ್ದರೆ ನೀರೊಳಗಿನದ್ದು ಕಾಣುತ್ತದೆ. ತಿಳಿ ಬಣ್ಣದ ತೇಪೆ ಮರಳು, ಕಪ್ಪು ತೇಪೆ ಹುಲ್ಲು ಅಥವಾ ಬಂಡೆ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡರೆ ಇನ್ನೂ ಸಲೀಸು. ಕತ್ತಲಾದ ಮೇಲೆ ಗೊತ್ತಿಲ್ಲದ ಕೊಲ್ಲಿಗೆ ನುಗ್ಗುವುದನ್ನು ನಾನು ಒಪ್ಪುವುದಿಲ್ಲ. ಹಗಲು ಕಂಡ ಬಾವಿಗೆ ಇರುಳು ಬೀಳುತ್ತಾರಂತೆ, ಹಗಲೂ ಕಾಣದ ಬಾವಿಗೆ ಯಾಕೆ ಹೋಗಬೇಕು? ದಡದ ಹತ್ತಿರ ಮೀನುಬಲೆಗೆ ಹಗ್ಗ ಕಟ್ಟಿ ತೇಲಿಬಿಟ್ಟ ಗುಂಡುಗಳು ಬೇರೆ. ಪ್ರೊಪೆಲ್ಲರ್‌ಗೆ ಆ ಹಗ್ಗ ಒಂದು ಸುತ್ತಿಕೊಂಡರೆ ಕಥೆ ಮುಗೀತು.

ಅಳಿವೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊಳೆ ಒಳಗೆ ಹೋಗಿಬಿಟ್ಟರೆ ಅಲೆಯೇ ಇಲ್ಲ, ಸೊಗಸಾದ ಜಾಗ. ಆದರೆ ಬಾಗಿಲಲ್ಲಿ ಮರಳ ದಿಬ್ಬ ಕೂತಿರುತ್ತದೆ. ಇಳಿತದ ಹೊತ್ತಿಗೆ ಹೊಳೆ ನೀರು ರಭಸದಿಂದ ಹೊರಗೆ ನುಗ್ಗುತ್ತದೆ, ಎದುರಿನಿಂದ ಕಡಲ ಅಲೆ ಬರುತ್ತದೆ. ಎರಡೂ ದಿಬ್ಬದ ಮೇಲೆ ಮುಖಾಮುಖಿ ಆದಾಗ ಅಲೆ ಗೋಡೆಯ ಹಾಗೆ ಎದ್ದು ಒಡೆಯುತ್ತದೆ. ಕಷ್ಟ ಏನೆಂದರೆ, ಕಡಲ ಕಡೆಯಿಂದ ಬರುವ ನಮಗೆ ಆ ಅಲೆಗಳ ಬೆನ್ನು ಮಾತ್ರ ಕಾಣುತ್ತದೆ. ನುಣ್ಣಗೆ, ಏನೂ ಇಲ್ಲದ ಹಾಗೆ. ಒಡೆಯುವ ಮುಖ ಇರುವುದು ಆಚೆ ಕಡೆ. ನಾವು ಉಬ್ಬರದ ಕೊನೆಯ ಒಂದೆರಡು ಗಂಟೆಯಲ್ಲಿ ಮಾತ್ರ ಒಳಗೆ ಹೋಗುತ್ತೇವೆ. ಆಗ ಆಳವೂ ಇರುತ್ತದೆ, ನೀರೂ ಒಳಗೇ ಹರಿಯುತ್ತಿರುತ್ತದೆ. ಅದಕ್ಕೂ ಮೊದಲು ಹೊರಗೆ ನಿಂತು ಹದಿನೈದು ನಿಮಿಷ ಸುಮ್ನೆ ನೋಡುತ್ತೇವೆ. ಒಮ್ಮೆ ಹಾಗೆ ನೋಡುತ್ತಾ ನಿಂತಾಗ ಹನ್ನೆರಡನೇ ನಿಮಿಷಕ್ಕೋ ಏನೋ, ಒಂದು ಸಾಲು ದಾರಿಯ ಅಡ್ಡಕ್ಕೆ ಪೂರ್ತಿ ಬೆಳ್ಳಗೆ ಒಡೆಯಿತು. ತಮ್ಮ ಏನೂ ಹೇಳಲಿಲ್ಲ. ಹೋಗಿ ಎರಡನೇ ಜಾಗದ ನಕಾಶೆ ತೆಗೆದ.

ಆಯ್ತು, ಜಾಗ ಸಿಕ್ಕಿತು. ಎಷ್ಟು ಸರಪಳಿ ಬಿಡಬೇಕು? ಕೆಳಗಿನ ಆಳ ನೋಡಿ ಲೆಕ್ಕ ಹಾಕಿದರೆ ಸಾಲದು. ಈಗ 5 ಮೀಟರ್ ಇದೆ ಅಂದುಕೊಳ್ಳಿ. ನೀರಿನಿಂದ ದೋಣಿಯ ಮೂತಿಗೆ 1 ಮೀಟರ್. ರಾತ್ರಿ ಉಬ್ಬರಕ್ಕೆ ಇನ್ನೂ 2 ಮೀಟರ್ ಏರುತ್ತದೆ. ಒಟ್ಟು 8. ಅದರ ಐದು ಪಟ್ಟು, 40 ಮೀಟರ್ ಸರಪಳಿ. ಸರಪಳಿ ಕಮ್ಮಿ, ಹಗ್ಗ ಜಾಸ್ತಿ ಇರುವ ದೋಣಿಗೆ ಏಳು ಪಟ್ಟು. ಹಾಗೆಯೇ ಇಳಿತಕ್ಕೆ ಕೀಲ್, ಅಂದರೆ ದೋಣಿಯ ಅಡಿಯಿಂದ ನೀರಿಗೆ ಇಳಿದಿರುವ ರೆಕ್ಕೆಯಂಥ ಭಾಗ, ತಳಕ್ಕೆ ಕೂರುವುದಿಲ್ಲ ತಾನೇ ಅಂತಲೂ ನೋಡಬೇಕು. ಉಬ್ಬರ ಇಳಿತದ ಆರು ಗಂಟೆಯಲ್ಲಿ ನೀರು ಒಂದೇ ಸಮ ಏರುವುದೋ ಇಳಿಯುವುದೋ ಇಲ್ಲ. ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಆಮೇಲೆ ಎರಡು, ಮೂರು, ಮೂರು, ಎರಡು, ಒಂದು. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಆಚೀಚೆ ಆಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಇದ್ದರೆ ಏರಿಳಿತ ಇನ್ನೂ ದೊಡ್ಡದು.

ಯಾಕೆ ಇಷ್ಟು ಉದ್ದ ಅಂತ ಕೇಳುತ್ತಾರೆ. ಲಂಗರು ತಳದಲ್ಲಿ ಮಲಗಿ ಎಳೆತ ತಿಂದರೆ ಒಳಕ್ಕೆ ಹೂತುಕೊಳ್ಳುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. 8 ಮಿಲಿಮೀಟರ್ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ. 40 ಮೀಟರ್ ಅಂದರೆ 56 ಕಿಲೋ. ಮೆಲುಗಾಳಿಯಲ್ಲಿ ಈ ಭಾರವೇ ದೋಣಿಯನ್ನು ಹಿಡಿದಿರುತ್ತದೆ. ಆದರೆ ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲು) ಇದ್ದದ್ದು 30 ಆದಾಗ ಸರಪಳಿ ಎದ್ದು ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಆಗ ಭಾರದ ಆಟ ನಡೆಯುವುದಿಲ್ಲ, ಉದ್ದ ಮಾತ್ರ ಕಾಯುತ್ತದೆ. ಪ್ರತಿ ಅಲೆಗೂ ಸರಪಳಿ ಜಗ್ಗಿ ದೋಣಿ ನಡುಗದಿರಲಿ ಅಂತ ಒಂದಷ್ಟು ನೈಲಾನ್ ಹಗ್ಗ ನಡುವೆ ಕಟ್ಟುತ್ತೇವೆ. ಅದು ಹಿಗ್ಗಿ ಕುಗ್ಗಿ ಜಗ್ಗಾಟವನ್ನೆಲ್ಲ ನುಂಗಿಕೊಳ್ಳುತ್ತದೆ. ಹಗ್ಗ ಕಬ್ಬಿಣಕ್ಕೆ ಉಜ್ಜುವಲ್ಲಿ ಹಳೆ ರಬ್ಬರ್ ಪೈಪ್ ಸುತ್ತಿ ಬಿಡಿ.

ನಾನು ಚುಕ್ಕಾಣಿಯಲ್ಲಿ, ತಮ್ಮ ಮೂತಿಯಲ್ಲಿ. ಕೂಗಾಟ ಇಲ್ಲ, ಕೈಸನ್ನೆ ಮಾತ್ರ. ಗಾಳಿಗೆ ಎದುರಾಗಿ ಬಂದು ದೋಣಿ ನಿಂತ ಮೇಲೆ ಲಂಗರು ಇಳಿಯುತ್ತದೆ. ಆಮೇಲೆ ದೋಣಿ ಹಿಂದಕ್ಕೆ ಸರಿದ ಹಾಗೆಲ್ಲ ಸರಪಳಿ. ಕೆಲವರು ಎಲ್ಲವನ್ನೂ ಗುಡ್ಡೆಯಾಗಿ ಸುರಿದು ಬಿಯರ್ ತೆರೆಯುತ್ತಾರೆ. ಕೆಳಗೆ ಸರಪಳಿ ಲಂಗರಿಗೇ ಸುತ್ತಿಕೊಂಡಿರುತ್ತದೆ. ಸರಪಳಿ ಬಿಟ್ಟು ಮುಗಿದ ಮೇಲೆ ನಾನು ಎಂಜಿನ್ ರಿವರ್ಸ್ ಹಾಕಿ ನಿಧಾನವಾಗಿ ಜೋರು ಮಾಡುತ್ತೇನೆ. ತಮ್ಮ ಬಗ್ಗಿ ಸರಪಳಿ ಮೇಲೆ ಅಂಗೈ ಇಡುತ್ತಾನೆ. ಲಂಗರು ಜಾರುತ್ತಿದ್ದರೆ ಕೈಗೆ ಗಡಗಡ ಅಂತ ಗೊತ್ತಾಗುತ್ತದೆ, ಕಲ್ಲಿನ ಮೇಲೆ ಏನೋ ಎಳೆದ ಹಾಗೆ. ಕಚ್ಚಿದ್ದರೆ ಸರಪಳಿ ಬಿಗಿದು ಸುಮ್ಮನಾಗುತ್ತದೆ. “ಕಚ್ತು ಅಕ್ಕಾ” ಅಂತ ಅವನು ತಲೆ ಎತ್ತುವವರೆಗೆ ಎಂಜಿನ್ ಆರಿಸುವುದಿಲ್ಲ. ಅಷ್ಟು ಹೊತ್ತಿಗೆ ನಾನು ದಡದಲ್ಲಿ ಎರಡು ಗುರುತು ಹಿಡಿದಿರುತ್ತೇನೆ. ಮುಂದೊಂದು ಬಂಡೆ, ಅದರ ನೇರಕ್ಕೆ ಹಿಂದೊಂದು ಕಂಬ. ಎಂಜಿನ್ ಎಳೆಯುತ್ತಿದ್ದರೂ ಅವೆರಡೂ ಒಂದರ ಹಿಂದೊಂದು ಕದಲದೆ ನಿಂತರೆ ಸರಿ. ಬೇರೆ ಬೇರೆ ಆದರೆ ಲಂಗರು ಎತ್ತಿ ಮತ್ತೆ ಮೊದಲಿನಿಂದ. ಫೋನಿನಲ್ಲಿ ಜಿಪಿಎಸ್ ಅಲಾರಂ ಆಪ್‌ಗಳಿವೆ, ನಾನೂ ಹಾಕುತ್ತೇನೆ. ಆದರೂ ರಾತ್ರಿ ಎದ್ದಾಗ ಕಣ್ಣು ಹೋಗುವುದು ದಡದ ದೀಪಗಳ ಕಡೆಗೇ.

ಲಂಗರಿನ ವಿನ್ಯಾಸದ ಬಗ್ಗೆ ದೋಣಿಯವರು ಜಗಳವನ್ನೇ ಆಡುತ್ತಾರೆ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಒಂದು ಸಂಗತಿ ಮಾತ್ರ ನನಗೆ ಇಷ್ಟ. ನೇಗಿಲಿನ ಆಕಾರದ ಸಿಕ್ಯುಆರ್ ಲಂಗರನ್ನು 1933ರಲ್ಲಿ ಕಂಡುಹಿಡಿದವರು ಜೆಫ್ರಿ ಇಂಗ್ರಾಂ ಟೇಲರ್. ದ್ರವಗಳ ಚಲನೆ ಬಗ್ಗೆ ದೊಡ್ಡ ಕೆಲಸ ಮಾಡಿದ ಕೇಂಬ್ರಿಜ್‌ನ ಭೌತವಿಜ್ಞಾನಿ, ಜೊತೆಗೆ ಹಾಯಿದೋಣಿ ಹುಚ್ಚು. ಲಂಗರು ಜಾರುವ ತಲೆಬಿಸಿ ಅವರಿಗೂ ಇತ್ತು ಅನ್ನುವುದೇ ಒಂದು ಸಮಾಧಾನ.

ನಮ್ಮ ಲಂಗರು ಕಚ್ಚಿತು ಅಂದರೆ ಕೆಲಸ ಮುಗಿಯಲಿಲ್ಲ, ಅಕ್ಕಪಕ್ಕದವರೂ ಇದ್ದಾರಲ್ಲ. ಆಳದ ಕೀಲ್ ಇರುವ ಹಾಯಿದೋಣಿ ನೀರಿನ ಹರಿವು ಹೇಳಿದ ಹಾಗೆ ತಿರುಗುತ್ತದೆ, ಎತ್ತರದ ಮೋಟಾರು ದೋಣಿ ಗಾಳಿ ಹೇಳಿದ ಹಾಗೆ. ಸಂಜೆ ಇಬ್ಬರ ನಡುವೆ ಬೇಕಾದಷ್ಟು ಜಾಗ ಇರುತ್ತದೆ, ಹರಿವು ತಿರುಗಿದಾಗ ಪಕ್ಕದವರ ಹಿಂಬದಿ ನಮ್ಮ ಕಿಟಕಿಯಲ್ಲಿರುತ್ತದೆ. ‘ನೀವು ಎಷ್ಟು ಸರಪಳಿ ಬಿಟ್ಟಿದ್ದೀರಿ?’ ಅಂತ ಕೇಳಲು ನಾಚಿಕೆ ಪಡಬೇಡಿ. ಒಂದು ರಾತ್ರಿ ಗಾಳಿ ಏರಿ, ನಮ್ಮ ಮುಂದಿದ್ದ ಮೋಟಾರು ದೋಣಿ ಅಡ್ಡಡ್ಡವಾಗಿ ನಮ್ಮ ಕಡೆಗೇ ಜಾರಿ ಬಂತು. ಒಳಗಿದ್ದವರಿಗೆ ಗಾಢ ನಿದ್ದೆ. ಟಾರ್ಚ್ ಬಿಟ್ಟೆವು, ಹಾರ್ನ್ ಊದಿದೆವು, ತಮ್ಮ ದೋಣಿ ಬಡಿಯದಂತೆ ತೂಗುಹಾಕುವ ಮೆತ್ತೆಗಳನ್ನೆಲ್ಲ (ಫೆಂಡರ್) ಒಂದೇ ಕಡೆಗೆ ಎಳೆದು ಕಟ್ಟಿದ. ನಾನು ಇನ್ನೂ 10 ಮೀಟರ್ ಸರಪಳಿ ಬಿಟ್ಟು ಚುಕ್ಕಾಣಿ ಒಂದು ಕಡೆಗೆ ತಿರುಗಿಸಿ ಹಿಡಿದೆ. ಹಿಂದಕ್ಕೆ ಹೋಗುತ್ತಾ ನಮ್ಮ ದೋಣಿ ಓರೆಯಾಗಿ ಪಕ್ಕಕ್ಕೆ ಸರಿಯಿತು. ಅವರು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದು ಹೋದರು. ಆಗ ಒಳಗಿಂದ ಒಬ್ಬರು ಎದ್ದು ಬಂದು ನಮಗೇ “ಯಾಕೆ ಹಾರ್ನ್ ಹೊಡೀತಿದ್ದೀರಿ?” ಅಂದರು. ತಮ್ಮನಿಗೆ ಉತ್ತರ ಬಾಯಿಗೆ ಬಂದಿತ್ತು. ನಾನು ಅವನ ತೋಳು ಹಿಡಿದೆ.

ಅವರ ದೋಣಿಯಲ್ಲಿ ದೀಪವೂ ಇರಲಿಲ್ಲ ಅನ್ನುವುದು ಇನ್ನೊಂದು ರಗಳೆ. ಲಂಗರು ಹಾಕಿದ ದೋಣಿ ಹಗಲು ಮುಂಭಾಗದಲ್ಲಿ ಒಂದು ಕಪ್ಪು ಚೆಂಡು ತೂಗುಹಾಕಬೇಕು, ರಾತ್ರಿ ಸುತ್ತಲೂ ಕಾಣುವ ಒಂದು ಬಿಳಿ ದೀಪ. 1972ರ ಅಂತಾರಾಷ್ಟ್ರೀಯ ನಿಯಮ ಇದು. ಎಲ್‌ಇಡಿ ಬಲ್ಬಿಗೆ ಬ್ಯಾಟರಿ ಎಷ್ಟು ಖರ್ಚಾದೀತು?

ಇನ್ನು ಮೂರಿಂಗ್‌ಗಳು. ಬೇರೆಯವರು ತಳದಲ್ಲಿ ಭಾರ ಇಟ್ಟು, ಸರಪಳಿ ಕಟ್ಟಿ, ಮೇಲೆ ಗುಂಡು ತೇಲಿಬಿಟ್ಟಿರುತ್ತಾರೆ. ಹೋಗಿ ಹಗ್ಗ ಕಟ್ಟಿದರೆ ಆಯ್ತು, ಲಂಗರಿನ ರಗಳೆಯೇ ಇಲ್ಲ. ತಮ್ಮನಿಗೆ ಇದೇ ಇಷ್ಟ. ನನಗೆ ಕೆಳಗೇನಿದೆ ಅಂತ ನೋಡದೆ ನಂಬಿಕೆ ಬರುವುದಿಲ್ಲ. ಮೇಲಿನ ಗುಂಡಿಗೆ ಹೊಸ ಬಣ್ಣ ಬಳಿದಿರುತ್ತಾರೆ. ಸರಪಳಿ ಸವೆಯುವುದು ತಳದಲ್ಲಿ, ಪ್ರತಿ ಅಲೆಗೂ ಎದ್ದು ಬಿದ್ದು ಮರಳಿಗೆ ಉಜ್ಜುವ ಆ ಒಂದೆರಡು ಮೀಟರಿನಲ್ಲಿ. ಭಾರದ ಲೆಕ್ಕವೂ ಕಣ್ಣುಕಟ್ಟು. ಕಾಂಕ್ರೀಟ್ ದಿಮ್ಮಿ ದಡದಲ್ಲಿ ಒಂದು ಟನ್ ತೂಗಿದರೆ ಕಡಲ ನೀರಿನೊಳಗೆ ತೂಗುವುದು 600 ಕಿಲೋಗಿಂತ ಕಮ್ಮಿ, ನೀರು ಎತ್ತಿ ಹಿಡಿದಿರುತ್ತದಲ್ಲ. ಅದು ಕೆಸರಿನಲ್ಲಿ ಹೂತಿದ್ದರೆ ಗಟ್ಟಿ. ಬರೀ ಮರಳ ಮೇಲೆ ಕೂತಿದ್ದರೆ ಜೋರು ಗಾಳಿಗೆ ಜರುಗುತ್ತದೆ.

ಹಾಗಾಗಿ ಸಾಧ್ಯವಾದಾಗ ನೀರುಗನ್ನಡಕ ಹಾಕಿಕೊಂಡು ಇಳಿಯುತ್ತೇನೆ. ಒಮ್ಮೆ ಗುಂಡಿನ ಕೆಳಗೆ ಬೆರಳಿನಷ್ಟು ದಪ್ಪದ ಸರಪಳಿ, ಅದರ ತುದಿಯ ಕೊಂಡಿಯ (ಶ್ಯಾಕಲ್) ಪಿನ್ನು ಅರ್ಧ ಹೊರಗೆ ಬಂದಿತ್ತು. ತಿರುಗದ ಹಾಗೆ ಕಟ್ಟಬೇಕಾದ ತಂತಿ ತುಕ್ಕು ಹಿಡಿದು ಉದುರಿಹೋಗಿತ್ತು. ಪಿನ್ನು ಕೈಯಲ್ಲೇ ತಿರುಗುತ್ತಿತ್ತು. ಮೇಲೆ ಬಂದು ಹಗ್ಗ ಬಿಚ್ಚಿ ಹೊರಟೆವು. ಅದನ್ನು ನೋಡಿಕೊಳ್ಳುವವರಿಗೆ ಹೇಳಿದ್ದಕ್ಕೆ “ಇಲ್ಲೀವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ” ಅಂದರು. ಮೂರಿಂಗ್ ಚೆನ್ನಾಗಿದ್ದರೆ ನಮ್ಮದೇ ಹಗ್ಗ ಎರಡು ಕಟ್ಟುತ್ತೇವೆ, ಒಂದಕ್ಕಿಂತ ಇನ್ನೊಂದು ಸ್ವಲ್ಪ ಉದ್ದ. ಮೊದಲನೆಯದು ಹರಿದರೆ ಎರಡನೆಯದು ಹಿಡಿಯುತ್ತದೆ. ಅಲ್ಲೇ ಇರುವ ಪಾಚಿಗಟ್ಟಿದ ತೆಳು ಹಗ್ಗ ಗುಂಡನ್ನು ಎತ್ತಿ ಹಿಡಿಯಲು ಮಾತ್ರ, ಅದಕ್ಕೇ ದೋಣಿ ಕಟ್ಟಿ ಮಲಗಬೇಡಿ.

ಮಲಗುವ ಮೊದಲು ನಾನು ಮಾಡುವ ಕೊನೆಯ ಕೆಲಸ, ಒಂದು ಚೀಟಿಯಲ್ಲಿ ಹೊರಗೆ ಹೋಗುವ ದಿಕ್ಕು ಬರೆದು ಕಂಪಾಸ್ ಪಕ್ಕ ಅಂಟಿಸುವುದು. ‘ಇಲ್ಲಿಂದ 140 ಡಿಗ್ರಿ, 0.4 ಮೈಲು, ಆಮೇಲೆ 200.’ ರಾತ್ರಿ ಎರಡಕ್ಕೆ ಗಾಳಿ ತಿರುಗಿ, ಮಳೆ ಹೊಡೆದು, ಅರೆನಿದ್ದೆಯಲ್ಲಿ ಓಡಿ ಬಂದಾಗ ನಕಾಶೆ ಬಿಡಿಸಿ ಯೋಚನೆ ಮಾಡುವ ತಾಳ್ಮೆ ಯಾರಿಗಿರುತ್ತದೆ? ದಡಕ್ಕೆ ಹೋಗಿಬರುವ ಪುಟ್ಟ ದೋಣಿ ಡಿಂಗಿಯನ್ನೂ ಕತ್ತಲಾಗುವ ಮೊದಲೇ ಮೇಲೆತ್ತಿ ಕಟ್ಟುತ್ತೇವೆ. ಚೀಟಿ ಬಹಳ ಸಲ ಸುಮ್ನೆ ಅಲ್ಲೇ ಇರುತ್ತದೆ. ತಮ್ಮ ಬೆಳಗ್ಗೆ ಕಿತ್ತು ಬಿಸಾಡುತ್ತಾನೆ.

ಲಂಗರು ಎತ್ತುವಾಗ ಅದರ ಮೂತಿಗೆ ಏನು ಅಂಟಿದೆ ಅಂತ ನೋಡಿಯೇ ತೊಳೆಯಬೇಕು. ನಕಾಶೆ ಮರಳು ಅಂದಿರುತ್ತದೆ, ಬರುವುದು ನೀಲಿ ಜೇಡಿ. ಇಲ್ಲವೇ ಚಿಪ್ಪಿನ ಚೂರು ತುಂಬಿದ ಸಡಿಲ ಮಣ್ಣು. ನಾನು ಅದನ್ನು ಪೆನ್ಸಿಲ್‌ನಲ್ಲಿ ಆ ಜಾಗದ ಪಕ್ಕದಲ್ಲೇ ಬರೆದಿಡುತ್ತೇನೆ: ಯಾವ ಗಾಳಿಗೆ ನಿಂತೆವು, ಎಷ್ಟು ಸರಪಳಿ, ಅಲೆ ಒಳಗೆ ಬಂತೋ ಇಲ್ಲವೋ, ಲಂಗರಿಗೆ ಏನು ಅಂಟಿತ್ತು. ಬಾಯಿಬಿಟ್ಟು ಒಪ್ಪುವುದಿಲ್ಲ, ಆದರೆ ಒಬ್ಬನೇ ದೋಣಿ ತೆಗೆದುಕೊಂಡು ಹೋಗುವಾಗ ತಮ್ಮ ಮೊದಲು ಹುಡುಕುವುದು ಆ ನಕಾಶೆಯನ್ನೇ.